ಮ್ಯಾನೇಜರ್ ಇಲ್ಲದ ಬಸ್ ಪ್ರವಾಸ

ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ವೆಸ್ಟ್ ಮಾಲಿಂಗ್‌ಗೆ ಸುಮಾರು ಒಂದು ಗಂಟೆಯ ದಾರಿ. ಆಫೀಸಿನಲ್ಲಿ "ವೀಕೆಂಡ್ ಎಲ್ಲಿಗೆ?" ಅಂದವರಿಗೆ ಊರಿನ ಹೆಸರು ಹೇಳಿದೆ. "ಅಲ್ಲೇನಿದೆ?" ಅಂದರು. ನಿಜ ಹೇಳಬೇಕೆಂದರೆ, ನೋಡುವಂಥದ್ದು ಅಲ್ಲಿ ಈಗ ಹೆಚ್ಚೇನಿಲ್ಲ. 1967ರ ಸೆಪ್ಟೆಂಬರಿನಲ್ಲಿ ಇತ್ತು.

ನನ್ನ ಸೋದರಮಾವನ ಹತ್ತಿರ ಬೀಟಲ್ಸ್‌ನ 'ಮ್ಯಾಜಿಕಲ್ ಮಿಸ್ಟರಿ ಟೂರ್' ಕ್ಯಾಸೆಟ್ ಇತ್ತು. ಬೇಸಿಗೆ ರಜೆಯಲ್ಲಿ ಮಿನಿಬಸ್ ಮಾಡಿಸಿ ಇಡೀ ಮನೆಯನ್ನು ಹೊರಡಿಸುತ್ತಿದ್ದವರು ಅವರೇ. ಬಸ್ಸು ಊರು ದಾಟಿದ ಕೂಡಲೇ ಕ್ಯಾಸೆಟ್ ಡ್ರೈವರ್ ಕೈಗೆ. ಅಜ್ಜಿ "ಇದೇನಪ್ಪಾ ಗಲಾಟೆ, ಒಂದು ದೇವರನಾಮ ಹಾಕ್ಸೋ" ಅನ್ನೋರು. ಎರಡು ಹಾಡಾದ ಮೇಲೆ ದೇವರನಾಮ.

ಮಾವ ಹೋಗಿ ಮೂರು ವರ್ಷ. ಆಮೇಲೆ ನಾವೆಲ್ಲ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ "ಈ ಸಲ ಹೋಗೋಣ್ವಾ?" ಅಂತ ಯಾರೋ ಕೇಳ್ತಾರೆ. ಹತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಅಲ್ಲಿಗೆ ಮುಗೀತು.

ಬೀಟಲ್ಸ್ ಕಥೆಯೂ ಹೀಗೇ ಶುರುವಾಗುತ್ತದೆ. 1967ರ ಆಗಸ್ಟ್ 27ರಂದು ಅವರ ಮ್ಯಾನೇಜರ್ ಬ್ರಯನ್ ಎಪ್ಸ್ಟೀನ್ ತೀರಿಕೊಂಡರು. ನಾಲ್ವರೂ ಆಗ ವೇಲ್ಸ್‌ನ ಬ್ಯಾಂಗರ್‌ನಲ್ಲಿ, ಮಹರ್ಷಿ ಮಹೇಶ್ ಯೋಗಿಗಳ ಧ್ಯಾನ ಶಿಬಿರದಲ್ಲಿದ್ದರು. ಬಸ್ ಪ್ರವಾಸದ ಸಿನಿಮಾ ಮಾಡುವ ಯೋಚನೆ ಪಾಲ್ ಮೆಕಾರ್ಟ್ನಿಗೆ ಏಪ್ರಿಲ್‌ನಲ್ಲೇ ಬಂದಿತ್ತು. ಸುಮ್ಮನೆ ಕೂತರೆ ಬ್ಯಾಂಡೇ ಚದುರಿಹೋದೀತು ಅಂತ ಅದನ್ನೇ ಕೈಗೆತ್ತಿಕೊಂಡರು. ಸ್ಕ್ರಿಪ್ಟ್ ಅಂದರೆ ಕಾಗದದ ಮೇಲೊಂದು ವೃತ್ತ, ಅದರೊಳಗೆ ಒಂದಷ್ಟು ಗೆರೆಗಳು.

ಸೆಪ್ಟೆಂಬರ್ 11ಕ್ಕೆ ಹಳದಿ-ನೀಲಿ ಬಸ್ಸು ಲಂಡನ್ ಬಿಟ್ಟಿತು. ಡಾರ್ಟ್‌ಮೂರ್‌ನಲ್ಲಿ ಒಂದು ಕಿರಿದಾದ ಸೇತುವೆಗೆ ಸಿಕ್ಕಿಕೊಂಡು ರಿವರ್ಸ್ ಬರಬೇಕಾಯಿತು. ಒಳಾಂಗಣದ ಶೂಟಿಂಗ್‌ಗೆ ಶೆಪರ್ಟನ್ ಸ್ಟುಡಿಯೊ ಕೇಳಿದರೆ ಜಾಗ ಇಲ್ಲ. ಮೊದಲೇ ಬುಕ್ ಮಾಡುವವರೇ ಇರಲಿಲ್ಲವಲ್ಲ! ಹಾಗಾಗಿ ವೆಸ್ಟ್ ಮಾಲಿಂಗ್‌ನ ವಾಯುನೆಲೆಗೆ ಬಂದರು.

ಆ ವಾಯುನೆಲೆ ಈಗ ಕಿಂಗ್ಸ್ ಹಿಲ್ ಎಂಬ ಬಡಾವಣೆ. ಆಫೀಸುಗಳು, ಇಟ್ಟಿಗೆ ಮನೆಗಳು, ಸೂಪರ್ ಮಾರ್ಕೆಟ್. ಎರಡನೇ ಮಹಾಯುದ್ಧದಲ್ಲಿ ಇಲ್ಲಿಂದ ಹಾರುತ್ತಿದ್ದ ಪೈಲಟ್ ಗೈ ಗಿಬ್ಸನ್ ಹೆಸರಲ್ಲೊಂದು ರಸ್ತೆ. ಹಳೆಯ ಕಂಟ್ರೋಲ್ ಟವರ್ ಉಳಿದಿದೆ. 'ಐ ಆ್ಯಮ್ ದಿ ವಾಲ್ರಸ್' ಹಾಡನ್ನು ಚಿತ್ರೀಕರಿಸಿದ್ದು ಬಾಂಬಿನ ಆಘಾತ ತಡೆಯಲು ಕಟ್ಟಿದ ಕಾಂಕ್ರೀಟ್ ಗೋಡೆಗಳ ಮುಂದೆ. ಅದನ್ನು ಹುಡುಕಿದೆ, ನನಗೆ ಸಿಗಲಿಲ್ಲ. ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬರನ್ನು ಕೇಳಿದೆ. ಪಾಪ, ಅವರಿಗೂ ಗೊತ್ತಿರಲಿಲ್ಲ.

ಟವರ್ ಪಕ್ಕದ ಬೆಂಚಿನ ಮೇಲೆ ಕೂತು ಇಯರ್‌ಫೋನ್ ಹಾಕಿದೆ. ಸಿನಿಮಾಕ್ಕಾಗಿ ಮಾಡಿದ ಹಾಡುಗಳು ಆರೇ. ಬ್ರಿಟನ್ನಿನಲ್ಲಿ ಎರಡು ಪುಟ್ಟ ರೆಕಾರ್ಡುಗಳ ಸೆಟ್ ಆಗಿ ಬಂದವು; ಅಮೆರಿಕದಲ್ಲಿ ಅದೇ ವರ್ಷದ ಇನ್ನೈದು ಹಾಡು ಸೇರಿಸಿ ಪೂರ್ಣ ಆಲ್ಬಂ ಮಾಡಿದರು.

ಮೂರನೇ ಬೇಸಿಗೆಯ ಪ್ರವಾಸದಿಂದಲೂ 'ಬ್ಲೂ ಜೇ ವೇ' ಅಂದರೆ ನನಗೆ ನಿದ್ದೆ. ಈಗ ಕೇಳಿದರೆ ಎದ್ದು ಕೂರುವಂತಾಯಿತು. ಲಾಸ್ ಏಂಜಲಿಸ್‌ನ ಮಂಜಿನಲ್ಲಿ ದಾರಿ ತಪ್ಪಿದ ಗೆಳೆಯನಿಗಾಗಿ ಕಾಯುತ್ತಾ ಜಾರ್ಜ್ ಹ್ಯಾರಿಸನ್ ಬರೆದ ಹಾಡು. ಅಷ್ಟರಲ್ಲಾಗಲೇ ಅವರು ರವಿಶಂಕರ್ ಬಳಿ ಸಿತಾರ್ ಕಲಿತಿದ್ದರು. ಷಟ್‌ಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ: ನಮ್ಮ 71ನೇ ಮೇಳಕರ್ತ ಕೋಸಲಂನ ಛಾಯೆ ಅದರಲ್ಲಿದೆ. ಅಜ್ಜಿಗೆ ಹೇಳಿದ್ದರೆ ದೇವರನಾಮ ಐದು ನಿಮಿಷ ತಡವಾಗುತ್ತಿತ್ತೇನೋ.

'ವಾಲ್ರಸ್' ರೆಕಾರ್ಡಿಂಗ್ ಶುರುವಾದದ್ದು ಎಪ್ಸ್ಟೀನ್ ತೀರಿಕೊಂಡ ಒಂಬತ್ತು ದಿನಕ್ಕೆ. ಜಾನ್ ಲೆನನ್ ಬೇಕಂತಲೇ ಅರ್ಥವಿಲ್ಲದ ಮಾತು ಪೋಣಿಸಿದ್ದರು. ಮಿಕ್ಸಿಂಗ್ ಮಾಡುವಾಗ ರೇಡಿಯೊ ತಿರುಗಿಸಿದರೆ ಬಿಬಿಸಿಯಲ್ಲಿ ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ಬರುತ್ತಿತ್ತು. ಅದನ್ನೂ ಹಾಗೇ ಹಾಡಿನೊಳಗೆ ಬಿಟ್ಟರು. ಕೊನೆಯಲ್ಲಿ ಗೊಣಗುವ ಆ ದನಿಗಳು ಒಂದು ಸಾವಿನ ದೃಶ್ಯದವು. ಚಿಕ್ಕವನಾಗಿದ್ದಾಗ ಕ್ಯಾಸೆಟ್ ಕೆಟ್ಟಿದೆ ಅಂದುಕೊಂಡಿದ್ದೆ.

ಸಿನಿಮಾ 1967ರ ಡಿಸೆಂಬರ್ 26ಕ್ಕೆ ಬಿಬಿಸಿಯಲ್ಲಿ ಬಂತು. ಬಣ್ಣಗಳೇ ಜೀವಾಳವಾದ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿದರು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ನೋಡಿದರೆ ಬೈಗುಳ ಪೂರ್ತಿ ಸುಳ್ಳು ಅನಿಸುವುದಿಲ್ಲ. ಆದರೆ ಹಾಡುಗಳು ಉಳಿದವು. ನನಗನಿಸುವ ಕಾರಣ ಇಷ್ಟೇ: ಬಸ್ಸಿನಲ್ಲಿ ಹೇಳೋರು ಕೇಳೋರು ಇರಲಿಲ್ಲ; ಸ್ಟುಡಿಯೊದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಇದ್ದರು. ಲೆನನ್‌ರ ಹುಚ್ಚು ಕಲ್ಪನೆಗೆ ಪಿಟೀಲು, ಚೆಲ್ಲೊ, ಕಹಳೆ, ಹದಿನಾರು ಜನರ ಗಾಯನವೃಂದ ಹೊಂದಿಸಿಕೊಟ್ಟವರು ಅವರೇ. ಹುಚ್ಚಾಟಕ್ಕೂ ಲೆಕ್ಕ ಇಡುವ ಒಬ್ಬರು ಬೇಕು. ನಾವು ಹಾಯಾಗಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಾಗ ಮಾವ ಮುಂದಿನ ಸೀಟಿನಲ್ಲಿ ಸಣ್ಣ ನೋಟ್‌ಬುಕ್ ಹಿಡಿದು ಅದನ್ನೇ ಮಾಡುತ್ತಿದ್ದರು.

ವಾಪಸ್ ರೈಲಿನಲ್ಲಿ ಗ್ರೂಪ್ ತೆರೆದೆ. ಈ ಸಲ "ಹೋಗೋಣ್ವಾ?" ಅಂತ ಕೇಳಲಿಲ್ಲ. ತಾರೀಕು ಹಾಕಿದೆ, ಹದಿನೇಳು ಸೀಟು ಅಂತ ಬರೆದೆ, ಅಡ್ವಾನ್ಸ್ ನಾನೇ ಕಟ್ಟುತ್ತೇನೆ ಅಂದೆ. ಆಮೇಲೆ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಮಾವನ ಆ ಕ್ಯಾಸೆಟ್ ಇನ್ನೂ ಇದ್ಯಾ?"

"ಇದೆ ಕಣೋ. ಹಾಕೋಕೆ ಟೇಪ್ ರೆಕಾರ್ಡರ್ ಇಲ್ಲ, ಅಷ್ಟೆ."