ಬೂದಿಗೆ ಮಣ್ಣಿ ಕೊಟ್ಟದು

ಮಗಳ ಮನೆಲಿ ಒಂದು ಜೀವ ಇದ್ದು. ಅಳಿಲಿನಷ್ಟು ಸಣ್ಣ ಅಲ್ಲ, ಮೊಲದಷ್ಟು ದೊಡ್ಡವೂ ಅಲ್ಲ. ಉರುಟು ಕೆಮಿ, ಅಳಿಲಿನ ಹಾಂಗಿಪ್ಪ ಬೀಲ, ರೋಮ ಮುಟ್ಟಿರೆ ಬೆಣ್ಣೆ ಮುಟ್ಟಿದ ಹಾಂಗೆ. ಚಿಂಚಿಲ್ಲಾ ಹೇಳ್ತವು. ಮಗಳು ಅದಕ್ಕೆ ಸ್ಮೋಕಿ ಹೇಳಿ ಹೆಸರು ಮಡುಗಿದ್ದು. ಎನ್ನ ಬಾಯಿಗೆ ಅದು ಬತ್ತಿಲ್ಲೆ. ಒಲೆಯ ಬೂದಿಯ ಬಣ್ಣ ಅಲ್ಲದಾ, ಆನು ಬೂದಿ ಹೇಳಿಯೇ ದಿನಿಗೇಳಿದೆ. ಎರಡು ದಿನಲ್ಲಿ ಅಳಿಯನೂ ಬೂದಿ ಹೇಳುಲೆ ಸುರು ಮಾಡಿದ.

ಕಳುದ ಚಳಿಗಾಲಲ್ಲಿ ಆನು ನ್ಯೂಜೆರ್ಸಿಗೆ ಹೋಗಿ ಐದು ತಿಂಗಳು ಇತ್ತಿದ್ದೆ. ಹೆರಡುವಗ ಇವು ಕೇಳಿದವು, "ನೀನು ಅಲ್ಲಿ ಎಂತ ಮಾಡ್ತೆ? ದನ ಇಲ್ಲೆ, ತೋಟ ಇಲ್ಲೆ." ಹೋಗಿ ಮಾಡಿದ್ದೆಂತ ಹೇಳಿರೆ, ಅರ್ಧ ಕಿಲೋದ ಪ್ರಾಣಿಗೆ ದಿನಕ್ಕೆ ಐದು ಸರ್ತಿ ಮಣ್ಣಿ ಕೊಟ್ಟದು.

ಇದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಪ್ರಾಣಿ. ಚಿಲಿ ದೇಶದ ಗುಡ್ಡೆಗಳಲ್ಲಿ, ಕಲ್ಲಿನ ಸೆರೆಲಿ ಇಪ್ಪದು. ರೋಮದ ಆಶೆಗೆ ಜನಂಗೊ ಹಿಡುದು ಕೊಂದು ಈಗ ಕಾಡಿಲಿ ತುಂಬ ಕಮ್ಮಿ ಅಡ. ಮನೆಲಿ ಸಾಂಕುವಂಥದ್ದೆಲ್ಲ ಗೂಡಿಲೇ ಹುಟ್ಟಿದ ಜಾತಿ. ಸೆಕೆ ತಡೆತ್ತಿಲ್ಲೆ, ನಮ್ಮ ಪುತ್ತೂರಿನ ಎಪ್ರಿಲಿಲಿ ಒಂದು ದಿನ ಒಳಿಯ. ನೀರಿಲಿ ಮೀಶುಲಾಗ. ಒಂದು ನಯದ ಹೊಡಿ ಇದ್ದು, ಪಾತ್ರಲ್ಲಿ ಹಾಕಿ ಮಡುಗಿರೆ ಅದರಲ್ಲೇ ಬಿದ್ದು ಹೊರಳಿ ಮೀತ್ತು. ಹಗಲು ಒರಕ್ಕು, ಹೊತ್ತೋಪಗ ಎದ್ದು ಹಾರುಲೆ ಸುರು. ತಿಂಬದು ಒಣಹುಲ್ಲು, ತಿಮೋತಿ ಹೇಳ್ತ ಒಂದು ಜಾತಿಯ ಹುಲ್ಲು. ಅದರೊಟ್ಟಿಂಗೆ ರಜ ಹುಲ್ಲಿನ ಗುಳಿಗೆ. ಅಷ್ಟೇ. ಇಷ್ಟು ಕಮ್ಮಿ ಖರ್ಚಿನ ಜೆನ ಆ ಮನೆಲಿ ಬೇರೆ ಆರೂ ಇತ್ತಿದ್ದವಿಲ್ಲೆ ಹೇಳಿ ಗ್ರೇಶಿದೆ. ಅದು ಮತ್ತೆ ತಪ್ಪು ಹೇಳಿ ಗೊಂತಾತು.

ಸುರುವಿಂಗೆ ಅದರ ಎದುರಿನ ಹಲ್ಲು ಕಂಡು ಎನಗೆ ಒಂದು ನಮೂನೆ ಆತು. ಕಿತ್ತಳೆ ಬಣ್ಣ! "ಇದಕ್ಕೆ ಹಲ್ಲು ತಿಕ್ಕುಸುವ ಕ್ರಮ ಇಲ್ಲೆಯೋ ಮಗಳೇ?" ಕೇಳಿದೆ. ಮಗಳು ಬಿದ್ದು ಬಿದ್ದು ನೆಗೆ ಮಾಡಿತ್ತು. "ಅಮ್ಮಾ, ಆ ಬಣ್ಣ ಇದ್ದರೇ ಒಳ್ಳೆದು. ಬೆಳಿ ಆದರೆ ಹೆದರೆಕ್ಕು."

ಆದಿತ್ಯವಾರ ಉದಿಯಪ್ಪಗ ಅಡಿಗೆಯ ಸಣ್ಣ ತಕ್ಕಡಿಲಿ ಅದರ ತೂಗುವ ಕ್ರಮ ಅಲ್ಲಿ. ಆನು ಹೋಪಗ 560 ಗ್ರಾಂ ಇತ್ತು. ಮೂರನೇ ವಾರ 535, ಮತ್ತಾಣ ವಾರ 500. ಮಗಳ ಮೋರೆ ಸಣ್ಣ ಆತು. ಹತ್ತರಾಣ ಒಬ್ಬ ಪ್ರಾಣಿ ಡಾಕ್ಟ್ರ ಹತ್ತರೆ ಕರಕ್ಕೊಂಡು ಹೋತು. ಅವು ಎದುರಿನ ಹಲ್ಲು ನೋಡಿ ಸರಿ ಇದ್ದು ಹೇಳಿದವು. ಮತ್ತೆ ಕೇಳಿದವಡ, "ಮನೆಗೆ ಹೊಸಬ್ಬರು ಆರಾರು ಬೈಂದವೋ?"

ಹೊಸಬ್ಬರು ಹೇಳಿರೆ ಆನೇ! ಆನು ಬಂದದಕ್ಕೆ ಅದಕ್ಕೆ ಬೇಜಾರ ಆಗಿ ಹುಲ್ಲು ಬಿಟ್ಟದು ಹೇಳ್ತ ಹಾಂಗೆ ಆತು. ಮಗಳು ಹಾಂಗೆ ಹೇಳಿದ್ದಿಲ್ಲೆ. ಆದರೂ ಆನು ಎರಡು ದಿನ ಗೂಡಿನ ಹತ್ತರೆ ಹೋಗದ್ದೆ ಕೋಣೆಲೇ ಕೂದೊಂಡೆ. ಇನ್ನೊಂದು ಗುಟ್ಟೂ ಇತ್ತು. ಆನು ಆರಿಂಗೂ ಕಾಣದ್ದ ಹಾಂಗೆ ಅದಕ್ಕೆ ದಿನಕ್ಕೊಂದು ಒಣದ್ರಾಕ್ಷಿ ಕೊಟ್ಟೊಂಡಿತ್ತಿದ್ದೆ. ಚೀಪೆ ಹೇಳಿರೆ ಅದಕ್ಕೆ ಜೀವ.

ಎನಗೆ ಅಲ್ಲಿಯಾಣ ಹೊತ್ತು ಹೊಂದಿ ಬಪ್ಪಲೆ ತಡವಾತು, ಇರುಳು ಮೂರು ಗಂಟೆಗೆ ಒರಕ್ಕು ಬಿಟ್ಟುಗೊಂಡಿತ್ತು. ಹಾಂಗೆ ಒಂದು ಇರುಳು ಲೈಟು ಹಾಕದ್ದೆ ಹಾಲಿಲಿ ಕೂದೊಂಡಿತ್ತಿದ್ದೆ. ಬೂದಿ ಹುಲ್ಲಿನ ಹತ್ತರೆ ಬಂತು. ಒಂದು ಕಡ್ಡಿ ಎರಡು ಕೈಲಿ ಹಿಡುದತ್ತು, ಬಾಯಿಗೆ ಮಡುಗಿತ್ತು, ಒಂದರಿ ಅಗುದತ್ತು, ತಲೆ ಓರೆ ಮಾಡಿತ್ತು, ಬಿಟ್ಟತ್ತು. ಇನ್ನೊಂದು ಕಡ್ಡಿ. ಅದನ್ನೂ ಹಾಂಗೇ. ಮತ್ತೆ ಗುಳಿಗೆ ತೆಕ್ಕೊಂಡತ್ತು, ಕೆಳ ಹಾಕಿತ್ತು. ಕೈಲಿ ಗಲ್ಲ ಉದ್ದಿಗೊಂಡತ್ತು. ಹತ್ತರೆ ಹೋಗಿ ನೋಡಿರೆ ಗಲ್ಲದ ರೋಮ ಚೆಂಡಿ.

ಎನಗೆ ಅಲ್ಲಿಗೇ ಎನ್ನ ಅತ್ತೆಯ ನೆಂಪಾತು.

ಅತ್ತೆಗೆ ಎಪ್ಪತ್ತೆಂಟು ವರ್ಷ ಅಂಬಗ, ಹಲ್ಲಿನ ಸೆಟ್ಟು ಹಾಕಿಗೊಂಡಿತ್ತಿದ್ದವು. ಬಾಳೆ ಎದುರು ಕೂದು ಅಶನ ಕಲಸುಗು, ಒಂದು ತುತ್ತು ಬಾಯಿಗೆ ಮಡುಗುಗು, ಮತ್ತೆ ಬಾಳೆಯ ಕರೆಂಗೆ ನೂಕುಗು. ಪ್ರಾಯ ಆತು, ರುಚಿ ಹೋತು ಹೇಳಿ ಎಲ್ಲೋರೂ ಹೇಳಿದವು. ಆನು ಒಂದು ದಿನ ಕೋಪಲ್ಲಿ ಹೇಳಿಯೇ ಬಿಟ್ಟೆ, "ಉಂಬಲೆ ಮನಸ್ಸಿಲ್ಲದ್ರೆ ಬಳುಸುಲೆ ಹೇಳೆಡಿ ಅತ್ತೆ. ಅಶನ ಹಾಳು ಮಾಡ್ಲಾಗ." ಅವು ಎಂತದೂ ಹೇಳಿದ್ದವಿಲ್ಲೆ. ಒಂದು ತಿಂಗಳು ಕಳುದು, ಜ್ವರ ಬಂದಿಪ್ಪಗ ಆನೇ ಸೆಟ್ಟು ತೆಗದು ತೊಳದೆ. ಕೆಳಾಣ ವಸಡಿಲಿ ಕಡ್ಲೆಬೀಜದಷ್ಟು ದೊಡ್ಡ ಹುಣ್ಣು. ಆ ದಿನ ಅಕ್ಕಿ ಕಡದು ತೆಳು ಗಂಜಿ ಮಾಡಿ ಕೊಟ್ಟೆ. ಪೂರ ಕುಡುದವು. "ಇನ್ನು ರಜ ಇದ್ದೋ?" ಕೇಳಿದವು. ಅವು ಹೋಗಿ ಹನ್ನೆರಡು ವರ್ಷ ಆತು, ಆ "ಇನ್ನು ರಜ ಇದ್ದೋ" ಎನ್ನ ಕೆಮಿಲಿ ಇದ್ದು. ಆ ಒಂದು ತಿಂಗಳಿಂಗೆ ತಪ್ಪಾತು ಹೇಳಿ ಆನು ಅವಕ್ಕೆ ಹೇಳಿದ್ದಿಲ್ಲೆ.

ಮಗಳ ಮೂರು ಗಂಟೆಗೇ ಎಬ್ಬುಸಿದೆ. "ಇದಕ್ಕೆ ಬೇಜಾರ ಅಲ್ಲ ಮಗಳೇ, ಹಶು ಇದ್ದು. ತಿಂಬಲೆ ಎಡಿತ್ತಿಲ್ಲೆ. ಬಾಯಿ ಒಳ ಎಂತದೋ ಆಯಿದು." ದ್ರಾಕ್ಷಿಯ ವಿಷಯವನ್ನೂ ಆ ಹೊತ್ತಿಂಗೇ ಹೇಳಿಬಿಟ್ಟೆ.

ಮರದಿನ ಇಂಥಾ ಸಣ್ಣ ಪ್ರಾಣಿಗಳನ್ನೇ ನೋಡುವ ಬೇರೆ ಡಾಕ್ಟ್ರ ಹತ್ತರೆ ಹೋದೆಯೊ. ಚಿಂಚಿಲ್ಲಕ್ಕೆ ಇಪ್ಪತ್ತು ಹಲ್ಲು. ಎದುರು ನಾಲ್ಕು, ಹಿಂದೆ ದವಡೆಲಿ ಹದಿನಾರು. ಎಲ್ಲವೂ ಸಾವನ್ನಾರ ಬೆಳೆತ್ತಾ ಇಕ್ಕು. ಹುಲ್ಲು ಅಗುದಷ್ಟು ಸವೆತ್ತು, ಸವೆಯದ್ರೆ ಉದ್ದ ಆಗಿ ಕರೆ ಚೂಪು ಅಪ್ಪದು. ಮತ್ತು ಬರಿಸಿ ನೋಡಿಯಪ್ಪಗ ಹಿಂದಾಣ ಒಂದು ಹಲ್ಲು ನಾಲಗೆಗೆ ಕುತ್ತಿಗೊಂಡಿತ್ತು. ಅದರ ಅರದು ಸರಿ ಮಾಡಿದವು. ಎಕ್ಸ್‌ರೇಲಿ ಬೇರುಗಳೂ ಉದ್ದ ಆದ್ದು ಕಂಡತ್ತು. ದ್ರಾಕ್ಷಿಂದ ಈ ಸೀಕು ಬಂದದಲ್ಲ, ಆದರೆ ಇನ್ನು ಕೊಡ್ಲಾಗ ಹೇಳಿದವು. ಬಿಲ್ಲು ನೋಡಿರೆ ನಮ್ಮ ಒಂದು ಕ್ವಿಂಟಾಲು ಅಡಕ್ಕೆಯ ಕ್ರಯ! ಇವಕ್ಕೆ ಫೋನಿಲಿ ಹೇಳಿದ್ದಿಲ್ಲೆ.

ಬೇರಿನ ತೊಂದರೆ ಗುಣ ಆವುತ್ತಿಲ್ಲೆ, ಮತ್ತೆ ಮತ್ತೆ ಅರೆಯೆಕ್ಕಕ್ಕು, ತೂಕ ನಿಲ್ಲದ್ರೆ ಇಂಜೆಕ್ಷನ್ ಕೊಟ್ಟು ಕಳುಸುವ ಆಲೋಚನೆ ಮಾಡೆಕ್ಕಕ್ಕು ಹೇಳಿಯೂ ಆ ಡಾಕ್ಟ್ರು ಮೆಲ್ಲಂಗೆ ಹೇಳಿದವು. ಮಗಳು ಕಾರಿಲಿ ಕೂದು ಕೂಗಿತ್ತು. "ನಮ್ಮ ಹಟ್ಟಿಲಿ ಹಾಂಗೆ ಮಾಡುವ ಕ್ರಮ ಇಲ್ಲೆ" ಹೇಳಿದೆ ಆನು. "ಹಾಂಗಾರೆ ಹಶುವಿಲಿ ಸಾಯೆಕ್ಕೋ ಅಮ್ಮಾ?" ಕೇಳಿತ್ತು. ಎನ್ನತ್ರೆ ಉತ್ತರ ಇತ್ತಿಲ್ಲೆ. ಈಗಳೂ ಇಲ್ಲೆ.

ಆ ದಿನಂದ ಮಣ್ಣಿಯ ಕೆಲಸ ಎನಗೆ. ಹುಲ್ಲಿನದ್ದೇ ಒಂದು ಹೊಡಿ ಸಿಕ್ಕುತ್ತು, ಉಗುರು ಬೆಶಿ ನೀರಿಲಿ ಕಲಸೆಕ್ಕು. ಸುರುವಿಂಗೆ ಮಗಳು ಕಲಸಿದ್ದು ಗಟ್ಟಿ ಆಗಿ ಸಿರಿಂಜಿಲಿ ಹೋತಿಲ್ಲೆ. ಆನು ಶಿಶು ಕುಡಿವ ರಾಗಿ ಮಣ್ಣಿಯ ಹದಕ್ಕೆ, ಚಮಚೆಂದ ಎಳೆ ಬೀಳ್ತ ಹಾಂಗೆ ಮಾಡಿದೆ. ಮದಲು ಬೇನೆಯ ಮದ್ದು, ಅರ್ಧ ಗಂಟೆ ಕಳುದು ಮಣ್ಣಿ. ಮೊಟ್ಟೆಲಿ ಕೂರುಸಿ ಟವೆಲು ಸುತ್ತೆಕ್ಕು, ಎದೆ ಅಮರುಸುಲಾಗ. ರೋಮ ಹಿಡಿವಲಾಗ, ಹೆದರಿರೆ ಮುಷ್ಟಿಯಷ್ಟು ರೋಮ ಕೈಲೇ ಒಳಿತ್ತು. ಎದುರಿನ ಹಲ್ಲಿನ ಹಿಂದೆ ಕರೆಲಿ ಒಂದು ಖಾಲಿ ಜಾಗೆ ಇದ್ದು, ಸಿರಿಂಜಿನ ಕೊಡಿ ಅಲ್ಲಿಂದ ಹಾಕೆಕ್ಕು. ಒಂದೊಂದು ಹನಿ. ಅದು ಅಗುದು ನುಂಗಿದ ಮೇಲೆ ಇನ್ನೊಂದು. ಅಂಬ್ರೆಪ್ಪು ಮಾಡಿ ಒತ್ತಿರೆ ಶ್ವಾಸಕ್ಕೆ ಹೋಗಿ ಜೀವಕ್ಕೇ ಅಪಾಯ.

ಸುರುವಾಣ ದಿನ ಮೂರು ಎಮ್ಮೆಲ್ ಒಳ ಹೋತು, ಒಳುದ್ದೆಲ್ಲ ಎನ್ನ ಸ್ವೆಟರಿಂಗೆ. ಅಳಿಯ ಗೋಡೆಲಿ ಒಂದು ಕಾಗದ ಅಂಟುಸಿದ. ಗಂಟೆ ಎಷ್ಟು, ಮಣ್ಣಿ ಎಷ್ಟು, ತೂಕ ಎಷ್ಟು, ಹಿಕ್ಕೆ ಎಷ್ಟು! ಹಿಕ್ಕೆ ಲೆಕ್ಕ ಮಾಡುವ ಇಂಜಿನಿಯರಿನ ಆನು ಬೇರೆ ಕಂಡಿದಿಲ್ಲೆ. 468ಕ್ಕೆ ಇಳುದತ್ತು. ಎರಡು ದಿನ ಅಲ್ಲಿಯೇ ನಿಂದತ್ತು. ಮತ್ತೆ 471 ಆದ ದಿನ ಆನು ಸೇಮಗೆ ಪಾಯಸ ಮಾಡಿದೆ. ಮೂರು ಗ್ರಾಮಿಂಗೆ ಪಾಯಸವೋ ಹೇಳಿ ಅಳಿಯ ನೆಗೆ ಮಾಡಿದ, ಎರಡು ಸರ್ತಿ ಬಳುಸಿಗೊಂಡ.

ಮೂರು ವಾರ ಕಳುದು ಒಂದು ಇರುಳು ಹಾಲಿಂದ ಕರಕರ ಶಬ್ದ ಕೇಳಿತ್ತು. ಹುಲ್ಲು ಅಗಿವ ಶಬ್ದ. ಎದ್ದು ಹೋದೆ. ಮಗಳು ಆಗಳೇ ಬಂದು ಕಸ್ತಲೆಲಿ ನೆಲಕ್ಕಲ್ಲಿ ಕೂದೊಂಡಿತ್ತು. ಎಂಗೊ ಇಬ್ರೂ ಎಂತದೂ ಮಾತಾಡಿದ್ದಿಲ್ಲೆ.

ಆನು ಊರಿಂಗೆ ಬಂದ ಮೇಲೆ ಇನ್ನೊಂದರಿ ಹಲ್ಲು ಅರದಾತು. ದಿನಾ ಹೊತ್ತೋಪಗ ವಾಟ್ಸಾಪಿಲಿ ತೂಕ ಬತ್ತು. ಇವೂ ಈಗ "ಬೂದಿ ಇಂದು ಎಷ್ಟು?" ಕೇಳ್ತವು. ಮೊನ್ನೆ 514, ನಿನ್ನೆ 508. ಇಂದು 501, ಬೇರೆ ಎಂತದೂ ಬರದ್ದಿಲ್ಲೆ, ಬರೇ ಅಂಕೆ. ಆನು ಅಂಬಗಳೇ ಫೋನು ಮಾಡಿದೆ, "ಹುಲ್ಲು ತೆಕ್ಕೊಂಡು ಕೆಳ ಹಾಕುತ್ತೋ ನೋಡು ಮಗಳೇ. ಇರುಳು ನೋಡು, ಲೈಟು ಹಾಕೆಡ."