ದೊಡ್ಡ ಬೈಕೂ ನಮ್ಮನೆ ಮಣ್ಣು ದಾರಿಯೂ

ರೊಬಸ್ಟಾ ಕೊಯ್ಲು ಮುಗೀತು. ಮೆಣಸು ಕಣದಲ್ಲಿ ಒಣಗ್ತಾ ಇದೆ. ಹೂ ಮಳೆ ಕಾದು ಸಾಕಾಗಿ ಎರಡು ದಿನದಿಂದ ಸ್ಪ್ರಿಂಕ್ಲರ್ ಓಡಿಸ್ತಾ ಇದೀನಿ. ಪೈಪ್ ಬದಲಿಸೋ ಮಧ್ಯೆ ಸ್ವಲ್ಪ ಬಿಡುವು ಸಿಕ್ಕಿದೆ. ಈ ಸಲ ಗೊಬ್ಬರ, ಕಾಂಡಕೊರಕ ಎಲ್ಲ ಬಿಟ್ಟು ಬೇರೆ ವಿಷಯ ಬರೀತೀನಿ.

ಮೂಡಿಗೆರೆ ಸಂತೇಲಿ ಸಿಕ್ಕವರೆಲ್ಲ "ಏನಣ್ಣ, ದೊಡ್ಡ ಬೈಕ್ ತಗೋತೀಯಂತೆ, ಯಾವ್ದು?" ಅಂತ ಕೇಳ್ತಾ ಇದಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಹೇಳಿಬಿಡ್ತೀನಿ. ಐವತ್ನಾಲ್ಕು ವರ್ಷಕ್ಕೆ ಇದೆಲ್ಲ ಯಾಕೆ ಅಂತ ನಗೋರು ನಗಬಹುದು.

ನಮ್ಮಪ್ಪನ ಹತ್ರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಗಾಡಿ. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಅದಕ್ಕೂ ಎಷ್ಟೋ ಮೊದಲೇ ನಮ್ಮನೆ ಯೆಜ್ಡಿ ಹೋಗಿತ್ತು. ಪಂಪ್‌ಸೆಟ್ ತರೋಕೆ ದುಡ್ಡು ಸಾಲದೆ ಅಪ್ಪ ಮಾರಿದ್ರು. ಅವರು ಅದರ ಬಗ್ಗೆ ಒಂದು ದಿನವೂ ಬೇಜಾರು ತೋರಿಸಲಿಲ್ಲ, ಆದ್ರೆ ಮತ್ತೆ ಬೈಕೂ ಹತ್ತಲಿಲ್ಲ. ಈ ಸಲ ಎರಡು ವರ್ಷದ ಮೆಣಸಿನ ದುಡ್ಡು ಕೈಲಿದೆ. ಕಣಕ್ಕೆ ಕಾಂಕ್ರೀಟ್ ಹಾಕಿಸಬೇಕು ಅಂತ ಇಟ್ಟಿದ್ದು. ಅದರಲ್ಲಿ ಕೈ ಹಾಕೋದು ಸರಿಯಾ ಅಂತ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ನನಗೆ ಬೇಕಾಗಿದ್ದು ಸ್ಪೋರ್ಟ್ ಟೂರಿಂಗ್ ಅಂತಾರಲ್ಲ, ಆ ಥರದ್ದು. ಹೈವೇಲಿ ದಿನಕ್ಕೆ ಮುನ್ನೂರು ನಾನೂರು ಕಿಲೋಮೀಟರ್ ಸುಸ್ತಾಗದೆ ಹೋಗಬೇಕು, ಎದೆಗೆ ಗಾಳಿ ಹೊಡೀಬಾರದು, ಹಿಂದೆ ಮನೆಯವರು ಕೂರಬೇಕು, ಎರಡು ಬ್ಯಾಗ್ ಹಿಡೀಬೇಕು. ಘಾಟಿ ತಿರುವಲ್ಲಿ ಟ್ರಕ್ ದಾಟೋಕೆ ಶಕ್ತಿನೂ ಇರಬೇಕು. ಮೊದಲ ಪ್ರಯಾಣ ಹಂಪಿಗೆ ಅಂತ ಇಬ್ಬರೂ ಮಾತಾಡಿಕೊಂಡಿದೀವಿ. ಕಡೂರು, ಹೊಸದುರ್ಗ, ಚಿತ್ರದುರ್ಗ, ಹೊಸಪೇಟೆ ದಾರಿ. ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು, ಕೊಯ್ಲು, ಕಪಾತು, ಮಕ್ಕಳ ಪರೀಕ್ಷೆ ಅಂತ ಹೋಗೋಕೇ ಆಗಿಲ್ಲ.

ಮೊದಲು ಮನಸ್ಸು ಹೋಗಿದ್ದು ಕವಾಸಾಕಿ ನಿಂಜಾ 650 ಮೇಲೆ. 649 ಸಿಸಿ, ಎರಡು ಸಿಲಿಂಡರ್, 68 ಪಿಎಸ್ ಶಕ್ತಿ, ತೂಕ 196 ಕಿಲೋ, ಸೀಟ್ ಎತ್ತರ 790 ಮಿಲಿಮೀಟರ್. ನಾನು ಐದಡಿ ಐದಿಂಚು, ಎರಡೂ ಕಾಲು ನೆಲಕ್ಕೆ ಸಿಗುತ್ತೆ. ಷೋರೂಮಿನಿಂದ ಬಂದ ರಾತ್ರಿ ಅದರ ಚಿತ್ರ ನೋಡ್ತಾ ಕೂತಿದ್ದೆ. ಮನೆಯವರು ಕಾಫಿ ಕೊಟ್ಟು ಒಂದೇ ಮಾತು ಕೇಳಿದ್ರು: "ರೀ, ನೀವು ತಗೋತಿರೋದು ನಿಮಗಾ, ನಮಗಾ?"

ಮಾರನೇ ವಾರ ಅವರನ್ನೂ ಕರ್ಕೊಂಡು ಹೋದೆ. ಹಿಂದಿನ ಸೀಟಿಗೆ ಹತ್ತಿ ಕೂತು, ಇಳಿದು, "ನನ್ನ ಮಂಡಿಗೆ ಇದು ಆಗಲ್ಲ" ಅಂದ್ರು. ಹಿಂದಿನವರ ಕಾಲಿಡೋ ಜಾಗ ಎತ್ತರದಲ್ಲಿದೆ, ಮಂಡಿ ಮಡಚಿ ಕೂರಬೇಕು. ಹುಡುಗರಿಗೆ ಪರವಾಗಿಲ್ಲ. ವರ್ಷವಿಡೀ ಕಳೆ ಕೀಳಿಸಿ, ಹಣ್ಣು ಆರಿಸಿದ ಮಂಡಿಗೆ ಮುನ್ನೂರು ಕಿಲೋಮೀಟರ್ ಕಷ್ಟ. ಇನ್ನೊಂದು, ಅದರ ಗ್ರೌಂಡ್ ಕ್ಲಿಯರೆನ್ಸ್ 130 ಮಿಲಿಮೀಟರ್. ನಮ್ಮೂರಿನ ಹಂಪ್‌ಗಳು ನಿಮಗೇ ಗೊತ್ತು.

ಆಮೇಲೆ ನೋಡಿದ್ದು ಅದೇ ಕಂಪನಿಯ ವರ್ಸಿಸ್ 650. ಇದು ನಿಜವಾದ ದೂರದ ಗಾಡಿ. 21 ಲೀಟರ್ ಟ್ಯಾಂಕ್, ಎತ್ತರ ತಗ್ಗು ಮಾಡಬಹುದಾದ ಗಾಳಿ ಗಾಜು, 170 ಮಿಲಿಮೀಟರ್ ಕ್ಲಿಯರೆನ್ಸ್. ಮನೆಯವರಿಗೆ ಕೂತ ತಕ್ಷಣ ಇಷ್ಟ ಆಯ್ತು. ಆದ್ರೆ ಸೀಟ್ ಎತ್ತರ 845 ಮಿಲಿಮೀಟರ್, ನನಗೆ ಬರೀ ಕಾಲಿನ ತುದಿ ಸಿಗುತ್ತೆ. ತೂಕ 219 ಕಿಲೋ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳ್ತೀನಿ. ಸ್ನೇಹಿತರೊಬ್ಬರ ಎತ್ತರದ ಗಾಡಿ ತಂದು ನಮ್ಮ ಗೇಟಿನಿಂದ ಮನೆವರೆಗಿನ ಮಣ್ಣು ದಾರೀಲಿ ಓಡಿಸಿ ನೋಡಿದೆ. ಟಾರ್ ರಸ್ತೆಯಿಂದ ಮನೆಗೆ ಎಂಟುನೂರು ಮೀಟರ್, ಮಧ್ಯೆ ಒಂದು ಇಳಿಜಾರು ತಿರುವು. ಸ್ಪ್ರಿಂಕ್ಲರ್ ನೀರು ಬಿದ್ದು ಜಾರ್ತಾ ಇತ್ತು. ತಿರುವಲ್ಲಿ ನಿಲ್ಲಿಸಿ ಕಾಲು ಕೊಟ್ಟೆ, ನೆಲ ಸಿಗಲಿಲ್ಲ. ಗಾಡಿ ಮೆಲ್ಲಗೆ ವಾಲಿತು, ನಾನೂ ವಾಲಿದೆ. ಪುಣ್ಯಕ್ಕೆ ಸಿಲ್ವರ್ ಮರ ಅಡ್ಡ ಸಿಕ್ತು. ಗಾಡಿ ತಪ್ಪಲ್ಲ, ನನ್ನ ಕಾಲಿನ ಉದ್ದದ ತಪ್ಪು. ಹಿಂದೆ ಮನೆಯವರು ಕೂತಿದ್ರೆ ಏನಾಗ್ತಿತ್ತು ಅಂತ ಅವತ್ತು ಊಟ ಸೇರಲಿಲ್ಲ.

ಅವತ್ತೇ ಲೆಕ್ಕ ತಲೆಕೆಳಗಾಯ್ತು. ಹೊಸ ಗಿಡ ಹಾಕೋ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂತ ಇಲ್ಲಿ ಎಷ್ಟು ಸಲ ಬರೆದಿದೀನಿ! ಗಾಡಿ ವಿಷಯದಲ್ಲಿ ನಾನೇ ಹಾಗೆ ಮಾಡಿರಲಿಲ್ಲ. ಚಿತ್ರದುರ್ಗದ ನಾಲ್ಕು ಪಥದ ರಸ್ತೆ ವರ್ಷಕ್ಕೆ ಎರಡು ಸಲ ಸಿಗುತ್ತೆ. ಈ ಎಂಟುನೂರು ಮೀಟರ್ ದಿನಾ ಇದೆ.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮಣ್ಣು ದಾರಿಗೆ ಹೇಳಿ ಮಾಡಿಸಿದ ಹಾಗಿದೆ. 40 ಪಿಎಸ್, 17 ಲೀಟರ್ ಟ್ಯಾಂಕ್, 230 ಮಿಲಿಮೀಟರ್ ಕ್ಲಿಯರೆನ್ಸ್. ಐದಡಿ ಎಂಟಿಂಚು ದಾಟಿದವರಿಗೆ ನಾನು ಅದನ್ನೇ ಹೇಳ್ತೀನಿ. ನನಗೆ ಅದರ 825 ಮಿಲಿಮೀಟರ್ ಸೀಟೂ ಎತ್ತರವೇ.

ಕೊನೆಗೆ ನಿಂತಿದ್ದು ಅದೇ ಕಂಪನಿಯ ಇಂಟರ್‌ಸೆಪ್ಟರ್ 650 ಹತ್ರ. 2018ರಲ್ಲಿ ಬಂದ ಗಾಡಿ. 648 ಸಿಸಿ, ಎರಡು ಸಿಲಿಂಡರ್, 47 ಬಿಎಚ್‌ಪಿ, ಆರು ಗೇರ್, ಸೀಟ್ 804 ಮಿಲಿಮೀಟರ್. ಹುಟ್ಟಾ ಸ್ಪೋರ್ಟ್ ಟೂರಿಂಗ್ ಗಾಡಿ ಇದಲ್ಲ, ಗಾಳಿ ಗಾಜೇ ಇಲ್ಲ. ಆದ್ರೆ ಉದ್ದ ಸೀಟು, ಇಬ್ಬರೂ ನೆಟ್ಟಗೆ ಕೂರಬಹುದು. ಗಾಜು, ಬ್ಯಾಗ್ ಕಟ್ಟೋ ರ‍್ಯಾಕ್ ಆಮೇಲೆ ಹಾಕಿಸಬಹುದು. ಉದ್ದ ಆಗದ ಕಾಲನ್ನ ಯಾವ ಅಂಗಡೀಲೂ ಹಾಕಿಸೋಕಾಗಲ್ಲ.

ತೂಕ ಇದರದ್ದೂ ಕಡಿಮೆ ಇಲ್ಲ, ನಾಲ್ಕು ಮೂಟೆ ಕಾಫಿಗಿಂತ ಜಾಸ್ತಿ. ಟ್ಯಾಂಕ್ 13.7 ಲೀಟರ್, ಲೀಟರ್‌ಗೆ 25 ಹಿಡಿದ್ರೂ 300 ಕಿಲೋಮೀಟರ್ ದಾಟುತ್ತೆ, ಚಿತ್ರದುರ್ಗದಲ್ಲಿ ತುಂಬಿಸಿದ್ರೆ ಯೋಚನೆ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಇಬ್ಬರೂ ಕೂತು ಹತ್ತಿ ಇಳಿದು ನೋಡಿದ್ವಿ. 52 ನ್ಯೂಟನ್ ಮೀಟರ್ ಎಳೆತ, ಎಂಜಿನ್ ಕೂಗಿಸದೇ ಸಿಗುತ್ತೆ. ಇಳಿಯುವಾಗ ಗೇರ್ ಇಳಿಸಿದ್ರೆ ಎಂಜಿನ್ನೇ ಅರ್ಧ ಬ್ರೇಕ್ ಹಿಡಿಯುತ್ತೆ.

ದುಡ್ಡಿನ ವಿಷಯ. ಕವಾಸಾಕಿ ಎರಡೂ ಷೋರೂಮ್ ಬೆಲೆಯೇ ಏಳು ಲಕ್ಷದ ಮೇಲೆ, ಇದು ಮೂರು ಲಕ್ಷ ಚಿಲ್ಲರೆ. ರಸ್ತೆ ತೆರಿಗೆ, ವಿಮೆ ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್ ಆಗಿದೆ, ಅದರೊಳಗಿನದಕ್ಕೆ 18ಕ್ಕೆ ಇಳಿದಿದೆ. ಪೇಟೆಗೆ ಹೋಗಿ ಬರೋಕಷ್ಟೇ ಬೇಕು ಅನ್ನೋರು 350ರ ಒಳಗೇ ನೋಡಿ, ಉಳಿತಾಯ ದೊಡ್ಡದು. ನಾನು ಉಳಿಸಿದ್ದರಲ್ಲಿ ಕಣದ ಅರ್ಧಕ್ಕೆ ಕಾಂಕ್ರೀಟ್ ಬೀಳುತ್ತೆ. ಮಿಕ್ಕರ್ಧ ಮುಂದಿನ ವರ್ಷ.

ತಗೊಳ್ಳೋರಿಗೆ ನಾಲ್ಕು ಮಾತು. ಹಿಂದೆ ಕೂರೋರನ್ನ ಕರ್ಕೊಂಡೇ ಹೋಗಿ, ಅರ್ಧ ಗಂಟೆಯಾದ್ರೂ ಕೂರಿಸಿ. ಎಂಜಿನ್ ಆಫ್ ಮಾಡಿ ಗಾಡೀನ ಹಿಂದಕ್ಕೆ ತಳ್ಳಿ ನೋಡಿ, ನಿಮ್ಮ ಅಂಗಳದ ಏರಲ್ಲಿ ಅದನ್ನ ದಿನಾ ಮಾಡಬೇಕು. ಟ್ಯೂಬ್‌ಲೆಸ್ ಚಕ್ರ ಇರೋದನ್ನೇ ಕೇಳಿ, ಘಾಟಿ ಮಧ್ಯೆ ಪಂಕ್ಚರ್ ಆದ್ರೆ ಅದರ ಬೆಲೆ ಗೊತ್ತಾಗುತ್ತೆ. ಇಬ್ಬರು ಕೂತು ಸಾಮಾನು ಕಟ್ಟುವಾಗ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಸಿ, ಇಲ್ಲದಿದ್ರೆ ಹಿಂದೆ ಕುಗ್ಗಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಬುಕ್ ಮಾಡಿದೀನಿ. ಗಾಡಿ ಬರೋಕೆ ಇನ್ನೂ ಮೂರು ವಾರ ಇದೆ, ಅಷ್ಟರೊಳಗೆ ಆ ಇಳಿಜಾರು ತಿರುವಿಗೆ ಎರಡು ಲೋಡ್ ಜಲ್ಲಿ ಹಾಕಿಸ್ತೀನಿ. ಮನೆಯವರು ಈಗಲೇ ಹೆಲ್ಮೆಟ್ ತಂದು ಇಟ್ಟಿದಾರೆ. ನಿನ್ನೆ ಅದನ್ನ ಹಾಕ್ಕೊಂಡೇ ಕಣದಲ್ಲಿ ಮೆಣಸು ಕೆದಕ್ತಾ ಇದ್ರು, ಬಿಸಿಲಿಗೆ ಹೆಂಗಿರುತ್ತೆ ನೋಡ್ತೀನಿ ಅಂತ.

ಹಾಸನ, ಚಿಕ್ಕಮಗಳೂರು ಕಡೆ ಬ್ಯಾಗ್ ರ‍್ಯಾಕ್ ಗಟ್ಟಿಯಾಗಿ ವೆಲ್ಡಿಂಗ್ ಮಾಡಿಕೊಡೋರು ಯಾರಾದ್ರೂ ಗೊತ್ತಿದ್ರೆ ತಿಳಿಸಿ. ಮುಂದಿನ ವಾರ ಮತ್ತೆ ಮೆಣಸಿಗೇ ಬರ್ತೀನಿ.