ಎರಡನೆಯ ಬೇಸಗೆಯ ಹಣ್ಣು

ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಜೋಡಿನಗರಗಳಿವೆ. ಚಳಿಗಾಲದ ಹೊಸ್ತಿಲಲ್ಲಿ ಅಲ್ಲಿಗೆ ಹೋದವರಿಗೆ ಕೆಲವು ಮನೆಗಳ ಹಿತ್ತಿಲಲ್ಲಿ ಒಂದು ಅಪರೂಪದ ನೋಟ ಕಾಣಸಿಗಬಹುದು. ಎಲೆ ಉದುರುತ್ತಿರುವ ನೀಳವಾದ ಕಾಂಡಗಳನ್ನು ಮನೆಯವರು ಮೆಲ್ಲನೆ ನೆಲದತ್ತ ಬಾಗಿಸಿ, ಗೂಟಕ್ಕೆ ಕಟ್ಟಿ, ಮೇಲೆ ಒಣಹುಲ್ಲನ್ನೂ ತರಗೆಲೆಯನ್ನೂ ದಪ್ಪವಾಗಿ ಹೊದಿಸುತ್ತಿರುತ್ತಾರೆ. ಅದು ಬ್ಲ್ಯಾಕ್‌ಬೆರಿ ಗಿಡವನ್ನು ಮಲಗಿಸುವ ಕೆಲಸ.

ಅಲ್ಲಿನ ಚಳಿ ಸಾಮಾನ್ಯವಾದುದಲ್ಲ. 2019ರ ಜನವರಿ 30ರಂದು ಮಿನ್ನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ನೆಲ ಹೆಪ್ಪುಗಟ್ಟಿ ಉಬ್ಬುವುದರಿಂದ ಅಲ್ಲಿ ಮನೆಯ ತಳಪಾಯವನ್ನು 42 ಅಂಗುಲ ಆಳಕ್ಕೆ ಇಳಿಸಬೇಕೆಂಬ ನಿಯಮವಿದೆ. ಹೆಪ್ಪುಮಂಜಿನ ಭಯವಿಲ್ಲದೆ ಗಿಡ ಬೆಳೆಯುವ ಕಾಲ ವರ್ಷದಲ್ಲಿ ಸುಮಾರು ಐದು ತಿಂಗಳು ಮಾತ್ರ.

ಬ್ಲ್ಯಾಕ್‌ಬೆರಿ ನೋಟಕ್ಕೆ ಹಿಪ್ಪುನೇರಳೆಯ ಹಣ್ಣಿನಂತೆಯೇ ಇರುತ್ತದೆ. ಆದರೆ ಅದರ ಕುಲ ಬೇರೆ, ಅದು ಗುಲಾಬಿಯ ಬಳಗಕ್ಕೆ ಸೇರಿದ ಸಸ್ಯ. ಅದರ ಹತ್ತಿರದ ನೆಂಟ ರಾಸ್ಪ್‌ಬೆರಿ. ಕಿತ್ತಾಗ ನಡುವಿನ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಳ್ಳಾಗಿ ಬಂದರೆ ಅದು ರಾಸ್ಪ್‌ಬೆರಿ, ದಿಂಡು ಹಣ್ಣಿನೊಡನೆಯೇ ಬಂದರೆ ಬ್ಲ್ಯಾಕ್‌ಬೆರಿ. ನೀಲಗಿರಿಯ ಎತ್ತರದ ಕಾಡಂಚುಗಳಲ್ಲಿ ಮಾಗಿದಾಗ ಕಪ್ಪಾಗುವ ಮುಳ್ಳುಗಿಡದ ಹಣ್ಣೊಂದಿದೆ. ಅದೂ ಟೊಳ್ಳು ಹಣ್ಣೇ. ಬೆಚ್ಚನೆಯ ದಕ್ಷಿಣ ಫ್ಲಾರಿಡದ ಹಿತ್ತಿಲುಗಳಲ್ಲಿ ಅದನ್ನು ‘ಮೈಸೂರು ರಾಸ್ಪ್‌ಬೆರಿ’ ಎಂಬ ಹೆಸರಿನಿಂದಲೇ ಬೆಳೆಸುತ್ತಾರೆ.

ಮಿನ್ನೆಸೋಟದಲ್ಲಿ ರಾಸ್ಪ್‌ಬೆರಿ ಸುಖವಾಗಿ ಬೆಳೆಯುತ್ತದೆ. ಬ್ಲ್ಯಾಕ್‌ಬೆರಿಯ ಬಾಳು ಅಷ್ಟು ಸಲೀಸಲ್ಲ. ಅದರ ಬೇರು ಹಲವು ವರ್ಷ ಬದುಕುತ್ತದೆ; ಆದರೆ ಒಂದೊಂದು ಕಾಂಡದ ಆಯುಷ್ಯ ಎರಡೇ ವರ್ಷ. ಮೊದಲ ಬೇಸಗೆಯಲ್ಲಿ ಕಾಂಡ ಬರಿಯ ಎಲೆ ತಳೆಯುತ್ತದೆ. ಎರಡನೆಯ ಬೇಸಗೆಯಲ್ಲಿ ಹೂಬಿಟ್ಟು, ಹಣ್ಣು ಕೊಟ್ಟು, ಒಣಗುತ್ತದೆ. ಈ ಎರಡು ಬೇಸಗೆಗಳ ನಡುವೆ ಒಂದು ಚಳಿಗಾಲವಿದೆ, ಗಂಡಾಂತರವಿರುವುದು ಅಲ್ಲಿಯೇ. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿಗೂ ಕೆಳಗಿನ ಚಳಿಯಲ್ಲಿ ಬಯಲಿಗೊಡ್ಡಿದ ಕಾಂಡ ಸಾಮಾನ್ಯವಾಗಿ ಸಾಯುತ್ತದೆ. ಮಣ್ಣಿನೊಳಗಿನ ಬೇರು ಮಾತ್ರ ಉಳಿಯುತ್ತದೆ.

ಹೊಸಬರು ಮೋಸಹೋಗುವುದು ಇಲ್ಲಿ. ವಸಂತದಲ್ಲಿ ಬುಡದಿಂದ ಹೊಸ ಚಿಗುರು ಹುಲುಸಾಗಿ ಏಳುತ್ತದೆ, ಗಿಡ ಬದುಕಿತೆಂದು ಮನೆಯವರು ಹಿಗ್ಗುತ್ತಾರೆ. ಹೊಸೂರು, ತಾಳವಾಡಿಯ ಕಡೆ ಹಿಪ್ಪುನೇರಳೆಯನ್ನು ಬುಡಮಟ್ಟ ಕತ್ತರಿಸಿದರೂ ಚಿಂತೆಯಿಲ್ಲ. ರೇಷ್ಮೆಹುಳುವಿಗೆ ಬೇಕಾದುದು ಎಲೆ. ಬ್ಲ್ಯಾಕ್‌ಬೆರಿಯಿಂದ ಬೇಕಾದುದು ಹಣ್ಣು. ಪ್ರತಿವರ್ಷವೂ ಕಾಂಡ ಸತ್ತು ಬುಡ ಚಿಗುರಿದರೆ, ಹಿತ್ತಿಲ ತುಂಬ ಹಸಿರಿದ್ದೂ ಬಟ್ಟಲು ಬರಿದಾಗಿಯೇ ಇರುತ್ತದೆ. ಬೇರು ಉಳಿದರೆ ಸಾಲದು. ಹಳೆಯ ಕಾಂಡವೂ ಚಳಿಯನ್ನು ದಾಟಬೇಕು.

ಅದಕ್ಕಾಗಿಯೇ ಕಾಂಡವನ್ನು ಮಲಗಿಸುವ ಈ ಉಪಾಯ. ನೆಲದ ಮೇಲೆ ಹಿಮ ಒಂದಡಿ ಬಿದ್ದರೆ ಅದೇ ಕಂಬಳಿಯಾಗುತ್ತದೆ. ಮೇಲೆ ಗಾಳಿ ಕೊರೆಯುತ್ತಿದ್ದರೂ ಅಡಿಯಲ್ಲಿ ಚಳಿ ಬಹಳ ಕಡಿಮೆ. ಗುಲಾಬಿಯನ್ನು ಹೀಗೆಯೇ ಬಾಗಿಸಿ ಹೂಳುವ ಪದ್ಧತಿಗೆ ಆ ರಾಜ್ಯದ ಹೆಸರೇ ಅಂಟಿಕೊಂಡಿದೆ. ಆದರೆ ಬ್ಲ್ಯಾಕ್‌ಬೆರಿಯಲ್ಲಿ ಒಂದು ತೊಡಕಿದೆ. ಚಳಿಯನ್ನು ಹೆಚ್ಚು ತಡೆಯುವ, ನೆಟ್ಟಗೆ ನಿಲ್ಲುವ ಮುಳ್ಳಿನ ತಳಿಗಳ ಕಾಂಡ ಬಿರುಸು, ಬಾಗಿಸಿದರೆ ಮುರಿಯುತ್ತದೆ. ಬಳುಕುವ ಮುಳ್ಳಿಲ್ಲದ ತಳಿಗಳಿಗೆ ಚಳಿ ತಡೆಯುವ ಶಕ್ತಿ ಕಡಿಮೆ. ಪಶ್ಚಿಮ ವರ್ಜೀನಿಯದ ಕಿಯರ್ನೀಸ್‌ವಿಲ್‌ನ ಸರಕಾರಿ ಹಣ್ಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಫ್ಯುಮಿಯೋಮಿ ತಕೆಡ ಅವರು ಇದಕ್ಕೊಂದು ದಾರಿ ಕಂಡರು. ಎಳೆಯ ಕಾಂಡವನ್ನು ಮೊದಲಿನಿಂದಲೇ ತಗ್ಗಿನ ತಂತಿಯ ಉದ್ದಕ್ಕೆ ಹಬ್ಬಿಸಿ, ಚಳಿಗಾಲದಲ್ಲಿ ಹಂದರದ ತೋಳನ್ನೇ ಕೀಲಿನ ಮೇಲೆ ತಿರುಗಿಸಿ ನೆಲಕ್ಕೆ ಒರಗಿಸುವ ಕ್ರಮವದು. ಇನ್ನೊಂದು ಪ್ರಯತ್ನ ಅರ್ಕಾನ್ಸಾ ವಿಶ್ವವಿದ್ಯಾನಿಲಯದ್ದು. ಮೊದಲ ವರ್ಷದ ಕಾಂಡದಲ್ಲೇ ಹಣ್ಣು ಬಿಡುವ ತಳಿಗಳನ್ನು ಅದು 2004ರಲ್ಲಿ ಹೊರತಂದಿತು. ಆದರೆ ಉತ್ತರದಲ್ಲಿ ಆ ಹಣ್ಣು ಮಾಗುವಷ್ಟರಲ್ಲಿ ಅಕ್ಟೋಬರಿನ ಹೆಪ್ಪುಮಂಜು ಬಾಗಿಲಿಗೆ ಬಂದಿರುತ್ತದೆ.

ಹೊದಿಸಿದರೆ ಕೆಲಸ ಮುಗಿಯಿತೆಂದಲ್ಲ. ಒಣಹುಲ್ಲಿನಡಿ ಬೆಚ್ಚಗೆ ಸೇರಿಕೊಂಡ ಇಲಿಗಳು ಕಾಂಡದ ತೊಗಟೆಯನ್ನು ಕೆರೆದು ತಿನ್ನುತ್ತವೆ. ವಸಂತದಲ್ಲಿ ಹೊದಿಕೆಯನ್ನು ಬೇಗ ತೆಗೆದರೆ ಮೊಗ್ಗು ಮಂಜಿಗೆ ಕರಕಾಗುತ್ತದೆ, ತಡಮಾಡಿದರೆ ಒಳಗೇ ಬಿಳಿಚಿಕೊಂಡ ಚಿಗುರು ಕೊಳೆಯುತ್ತದೆ. ಬೇಸಗೆಯ ಕೊನೆಯಲ್ಲಿ ಗೊಬ್ಬರ ಹೆಚ್ಚಾದರೆ ಕಾಂಡ ಬಲಿಯದೆ ಎಳಸಾಗಿ ಉಳಿದು ಮೊದಲ ಚಳಿಗೇ ಸೋಲುತ್ತದೆ.

ಇಷ್ಟನ್ನೂ ದಾಟಿ ಬಂದ ಕಾಂಡ ಬೇಸಗೆಯ ನಡುವಿನಲ್ಲಿ ಕಪ್ಪು ಗೊಂಚಲು ಹೊತ್ತು ನಿಲ್ಲುತ್ತದೆ. ಹೊಳೆಯುವ ಹಣ್ಣು ಇನ್ನೂ ಹುಳಿ. ಹೊಳಪು ಮಾಸಿ, ಬೆರಳು ತಾಗಿದೊಡನೆ ಕಳಚಿಕೊಳ್ಳುವುದೇ ಸಿಹಿ. ಕಿತ್ತ ಮೇಲೆ ಅದು ಮಾಗುವುದಿಲ್ಲವಾದ್ದರಿಂದ ಗಿಡದ ಬಳಿ ಮತ್ತೆ ಮತ್ತೆ ಹೋಗಿ ನೋಡಬೇಕು. ಸುಗ್ಗಿ ಮುಗಿದ ಬಳಿಕ ಹಣ್ಣು ಕೊಟ್ಟ ಕಾಂಡವನ್ನು ಬುಡಕ್ಕೆ ಕತ್ತರಿಸುತ್ತಾರೆ. ಅಷ್ಟರಲ್ಲಿ ಅದರ ಪಕ್ಕದಲ್ಲೇ ಈ ವರ್ಷದ ಹೊಸ ಕಾಂಡಗಳು ಆಳೆತ್ತರ ಬೆಳೆದಿರುತ್ತವೆ. ಒಂದು ಹೂವನ್ನೂ ಬಿಡದ ಆ ಕಾಂಡಗಳಿಗಾಗಿ ಮನೆಯವರು ಆಗಲೇ ಒಣಹುಲ್ಲು ಕೂಡಿಸಿಡತೊಡಗುತ್ತಾರೆ.